ವೈನಿಯ ಕಸೂತಿ, ನನ್ನ ಅಪ್‌ಗ್ರೇಡ್

ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟ ಯಾವ ತೀರ್ಮಾನವನ್ನೂ ನನ್ನನ್ನು ಕೇಳದೆ ತೆಗೆದುಕೊಳ್ಳುವುದಿಲ್ಲ. ಇದು ಮನೆಯವರು ಮಾಡಿದ ನಿಯಮವಲ್ಲ, ನಾನೇ ಮಾಡಿಕೊಂಡದ್ದು. ಪುಣೆಯ ಒಂದು ಕಚೇರಿಯಲ್ಲಿ ನನ್ನ ಕೆಲಸವೇ ಅದು. ಇನ್ನೂರು ಮಂದಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು, ಅವು ಕೆಟ್ಟರೆ ಓಡಿಹೋಗುವುದು, ಕೆಡದಿದ್ದರೆ ನಾನು ಏನು ಮಾಡುತ್ತೇನೆ ಎಂದು ಸಾಹೇಬರು ಕೇಳಿದಾಗ ಉತ್ತರ ಹುಡುಕುವುದು. ಇಷ್ಟು ದೊಡ್ಡ ಅಧಿಕಾರವಿರುವ ಮನುಷ್ಯ ಮನೆಯಲ್ಲಿ ಸುಮ್ಮನೆ ಕೂರಲಾದೀತೇ?

ಬಿಬ್ವೇವಾಡಿಯಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. ಮೇಲೆ ನಾನು, ನನ್ನ ಹೆಂಡತಿ. ಕೆಳಗೆ ಅಣ್ಣ ಮತ್ತು ವೈನಿ. ಅತ್ತಿಗೆಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಅಣ್ಣನದು ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ಅಂಗಡಿ. ಅವನು ಸಂಜೆ ಮನೆಗೆ ಬಂದು ಅಂಗಿ ಕೊಡವಿದರೆ ನಾವೆಲ್ಲ ಸೀನುತ್ತೇವೆ. ವೈನಿ ಧಾರವಾಡದ ಕಡೆಯವರು. ಅವರು ಮದುವೆಯಾಗಿ ಬಂದಾಗ ನಾನು ಐದನೇ ಇಯತ್ತೆಯಲ್ಲಿದ್ದೆ, ನಮ್ಮವ್ವ ಹೋಗಿ ಎರಡು ವರ್ಷವಾಗಿತ್ತು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ನನ್ನಿಂದ ಹದಿನೇಳರ ಮಗ್ಗಿ ಹೇಳಿಸಿದವರು ಅವರು. ಇವತ್ತಿಗೂ ಅವರು ನನ್ನನ್ನು ‘ನೀ’ ಅನ್ನುತ್ತಾರೆ, ನಾನು ‘ರೀ’ ಹಚ್ಚಿ ಮಾತಾಡಿಸುತ್ತೇನೆ. ಅವರ ಮೇಲೆ ನನಗಿರುವ ಪ್ರೀತಿಯನ್ನು ಈ ವಯಸ್ಸಿನಲ್ಲಿ ಮುಚ್ಚಿಡುವ ಕಾರಣವೇನೂ ಕಾಣುವುದಿಲ್ಲ.

ವೈನಿಯ ಕೈಯಲ್ಲಿ ಕಸೂತಿ ಇದೆ. ಕಸೂತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು: ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಂಡು ಅದರ ಮೇಲೆ ಸೂಜಿ ಓಡಿಸುವ ಕೆಲಸ ಇದಲ್ಲ. ಸೀರೆಯ ನೂಲಿನ ಎಳೆಗಳನ್ನೇ ಎಣಿಸಿ ಹೊಲಿಯಬೇಕು. ಇಲ್ಲಿ ನಾಲ್ಕು ಎಳೆ ಬಿಟ್ಟು ಮೇಲೆ, ಅಲ್ಲಿ ನಾಲ್ಕು ಬಿಟ್ಟು ಅಡ್ಡ. ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಒಂದು ಕಡೆ ಎಣಿಕೆ ತಪ್ಪಿದರೆ ಅದರ ಮುಂದಿನದೆಲ್ಲ ಓರೆಯಾಗುತ್ತದೆ. ಲಗ್ನದ ಹೊತ್ತಿಗೆ ವೈನಿ ಇದನ್ನು ಗ್ರಾಫ್ ಪುಸ್ತಕ ನೋಡಿಕೊಂಡು ಮಾಡುತ್ತಿದ್ದರು. ನಲವತ್ತು ದಾಟಿದ ಮೇಲೆ ಗ್ರಾಫಿನ ಸಣ್ಣ ಚೌಕಗಳು ಅವರಿಗೆ ಕಾಣದಾದವು. ಬೆರಳಿಗೆ ಮಾತ್ರ ಏನೂ ಆಗಿರಲಿಲ್ಲ. ಸೂಜಿಯ ತುದಿಯಿಂದ ಎಳೆ ಮುಟ್ಟಿ ಎಣಿಸುವುದು ಅವರಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ಎಷ್ಟು ಎಣಿಸಬೇಕು ಎಂಬುದನ್ನು ಯಾರಾದರೂ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು ಅಷ್ಟೆ.

ಆ ಹೊತ್ತಿಗೆ ಸಿಕ್ಕಿದ್ದು ಆ ಸೀಡಿ. ರವಿವಾರ ಪೇಠೆಯಲ್ಲಿ ದಾರ ಮಾರುವ ಅಂಗಡಿಯವರು ಖಾಯಂ ಗಿರಾಕಿಗಳಿಗೆ ಒಂದು ಸಾಫ್ಟ್‌ವೇರ್ ಹಂಚುತ್ತಿದ್ದರು. ಪರದೆಯ ತುಂಬ ಚೌಕಗಳು. ಮೌಸ್ ಒತ್ತಿದಲ್ಲೆಲ್ಲ ಗೆರೆ ಮೂಡುತ್ತಿತ್ತು. ಪ್ರತಿ ಗೆರೆಯ ಪಕ್ಕದಲ್ಲಿ ಎಷ್ಟು ಎಳೆ ಎಂಬ ಅಂಕಿ ತಾನೇ ಬರುತ್ತಿತ್ತು, ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಿತ್ತು. ನಾನು ವೈನಿಗೆ ಕಂಪ್ಯೂಟರ್ ಕಲಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ ನನ್ನ ಪಾಠ ನಡೆದದ್ದು ಎರಡೇ ಮಧ್ಯಾಹ್ನ. ಮೂರನೆಯ ದಿನ ಅವರು ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಫೈಲುಗಳಿಗೆ ಅವರು ಡಿಸೈನಿನ ಹೆಸರು ಇಡುತ್ತಿರಲಿಲ್ಲ, ಯಾರಿಗಾಗಿ ಮಾಡಿದರೋ ಅವರ ಗುರುತು ಇಡುತ್ತಿದ್ದರು: ದೌಂಡಿನ ಟೀಚರ್, ಬ್ಯಾಂಕಿನವರ ಸೊಸಿ, ಎತ್ತರದ ಹುಡುಗಿ. ಹದಿನೈದು ವರ್ಷದಲ್ಲಿ ನಮ್ಮ ಪರಿಚಯದ ಅರ್ಧ ಪುಣೆ ಆ ಫೋಲ್ಡರಿನಲ್ಲಿ ಸೇರಿಕೊಂಡಿತ್ತು.

ಇನ್ನು ಖಂಡೆನವಮಿಯ, ಅಂದರೆ ಆಯುಧಪೂಜೆಯ ವಿಷಯ. ಆ ದಿನ ಅಣ್ಣ ತಕ್ಕಡಿಗೆ ಪೂಜೆ ಮಾಡುತ್ತಾನೆ. ನನ್ನ ಸ್ಕೂಟರಿಗೆ, ವೈನಿಯ ಸೂಜಿ-ಕತ್ತರಿಗೆ, ಕಂಪ್ಯೂಟರಿಗೆ ಕೂಡ ಹೂವು ಏರುತ್ತದೆ. ಮೊದಲ ವರ್ಷವೇ ನಾನು ಒಂದು ತಕರಾರು ಎತ್ತಿದೆ. ಕಂಪ್ಯೂಟರ್ ಎಂಬುದು ಬರೀ ಡಬ್ಬ, ಕೆಲಸ ಮಾಡುವುದು ಸಾಫ್ಟ್‌ವೇರ್, ಹಾಗಾಗಿ ಪೂಜೆ ಸಲ್ಲಬೇಕಾದದ್ದು ಸೀಡಿಗೆ ಎಂದೆ. ಎಲ್ಲರೂ ಒಪ್ಪಿದರು, ನಾನು ಕಂಪ್ಯೂಟರ್ ಓದಿದವನಲ್ಲವೇ. ಸೀಡಿಯನ್ನು ಮಣೆಯ ಮೇಲೆ ಇಟ್ಟು, ಚೆಂದ ಕಾಣುತ್ತದೆ ಎಂದು ಹೊಳೆಯುವ ಬದಿ ಮೇಲೆ ಮಾಡಿ, ಅದರ ಮೇಲೆ ಕಲಸಿದ ಕುಂಕುಮದ ಬೊಟ್ಟು ಇಟ್ಟು ಅಕ್ಕಿಕಾಳು ಒತ್ತಿದೆ. ವರ್ಷಾ ವರ್ಷಾ ಒತ್ತಿದೆ. ಹೀಗೆ ಹದಿನೈದು ಖಂಡೆನವಮಿ ಕಳೆದವು.

ಹೋದ ವರ್ಷ ಅಣ್ಣನ ಮಗಳು ಬಸುರಾದಳು. ಒಬ್ಬಳೇ ಮಗಳು, ಶಿರೂರಿಗೆ ಕೊಟ್ಟಿದ್ದಾರೆ. ಏಳನೇ ತಿಂಗಳಲ್ಲಿ ತವರಿನವರು ಕುಬಸ ಮಾಡಬೇಕು, ಹಸಿರು ಸೀರೆ ಉಡಿಸಿ ಆರತಿ ಎತ್ತಬೇಕು. ವೈನಿ ಹಸಿರು ಇಳಕಲ್ ಸೀರೆ ತರಿಸಿ, ಅದರ ಸೆರಗಿನ ಪಕ್ಕದಲ್ಲಿ ಹೊಲಿಯಲು ಎರಡು ತಿಂಗಳು ಕೂತು ಒಂದು ಹೊಸ ಡಿಸೈನ್ ಮಾಡಿದರು. ನಡುವೆ ಗೋಪುರ, ಅದರಿಂದ ಎರಡು ಸರಪಳಿಯಲ್ಲಿ ತೂಗುವ ತೊಟ್ಟಿಲು. ಎಡಕ್ಕೆ ತವರುಮನೆ: ತುಳಸಿಕಟ್ಟೆ, ನವಿಲು, ಸಾಲಾಗಿ ಬರುವ ಆನೆಗಳು. ಬಲಕ್ಕೆ ಅತ್ತೆಮನೆ: ಶಿರೂರಿನ ದಾಳಿಂಬೆ ಗಿಡಗಳು, ಎತ್ತಿನ ಜೋಡಿ, ಗಿಳಿಗಳು. ಯಾರ ಪುಸ್ತಕದಲ್ಲೂ ಇಲ್ಲದ ಡಿಸೈನ್ ಅದು. ಎಡಭಾಗವೂ ಗೋಪುರವೂ ಹೊಲಿದು ಮುಗಿದಿದ್ದವು. ತೊಟ್ಟಿಲು ಮತ್ತು ಬಲಭಾಗ ಉಳಿದಿದ್ದವು, ಕುಬಸಕ್ಕೆ ಮೂರು ವಾರವಿತ್ತು.

ಅಷ್ಟರಲ್ಲಿ ಮಗಳೊಂದಿಗೆ ವಿಡಿಯೋ ಕಾಲ್ ಮಾಡಲು ಹೋದರೆ ಕಂಪ್ಯೂಟರ್ ತಕರಾರು ಮಾಡತೊಡಗಿತು. ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿದೆ ಎಂಬ ಸೂಚನೆ ಬಂದು ಕೂರುತ್ತಿತ್ತು. ಫೋನಿನ ಸಣ್ಣ ಪರದೆಯಲ್ಲಿ ವೈನಿಗೆ ಮಗಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಬಾಡಿದ್ದಾಳೋ ಮೈ ತುಂಬಿಕೊಂಡಿದ್ದಾಳೋ ತಿಳಿಯುವುದಿಲ್ಲ ಎಂದು ಒಂದು ಸಂಜೆ ಹೇಳಿಕೊಂಡರು. ಇಷ್ಟೇ ತಾನೇ ಎಂದೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು, ಅವರ ಫೈಲುಗಳನ್ನೆಲ್ಲ ಜೋಪಾನವಾಗಿ ಪೆನ್‌ಡ್ರೈವಿಗೆ ಹಾಕಿಕೊಂಡು, ಹಳೆಯದನ್ನು ಪೂರ್ತಿ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಕಚೇರಿಯಲ್ಲಿ ಹೀಗೆ ಮಾಡುವ ಮೊದಲು ಯಾವ ಯಾವ ಸಾಫ್ಟ್‌ವೇರ್ ಹೊಸದರಲ್ಲಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಪಟ್ಟಿ ಮಾಡಿ, ಒಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ, ಮೂವರ ಸಹಿ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಯಾರ ಸಹಿ?

ಮಗಳು ದೊಡ್ಡ ಪರದೆಯ ಮೇಲೆ ಲಕಲಕ ಹೊಳೆಯುತ್ತ ಬಂದಳು. ವೈನಿ ಕುರ್ಚಿ ಎಳೆದುಕೊಂಡು ಅವಳ ಕೆನ್ನೆ, ಕೊರಳು, ಕಣ್ಣಿನ ಕೆಳಗೆ ಎಲ್ಲ ನೋಡಿ ಸಮಾಧಾನಪಟ್ಟರು. ನನಗೆ ಎರಡು ಶೇಂಗಾ ಹೋಳಿಗೆ ಬಿದ್ದವು. ಮರುದಿನ ನಾನು ಕಚೇರಿಯಿಂದ ಬಂದಾಗ ವೈನಿ ಅದೇ ಕುರ್ಚಿಯಲ್ಲಿ ಕೂತಿದ್ದರು. ಕಸೂತಿಯದು ಎಲ್ಲಿ ಹೋಯಿತು, ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ ಎಂದರು.

ಫೈಲುಗಳು ಇದ್ದವು. ದೌಂಡಿನ ಟೀಚರೂ ಇದ್ದಳು, ಎತ್ತರದ ಹುಡುಗಿಯೂ ಇದ್ದಳು. ಆದರೆ ಎಲ್ಲರೂ ಬಿಳಿ ಹಾಳೆಗಳಾಗಿ ನಿಂತಿದ್ದರು. ಅವನ್ನು ತೆರೆಯುವ ಸಾಫ್ಟ್‌ವೇರನ್ನೇ ನಾನು ಅಳಿಸಿದ್ದೆ, ಬೇರೆ ಯಾವುದರಿಂದಲೂ ಅವು ತೆರೆಯುವಂಥವಲ್ಲ. ಐದು ನಿಮಿಷದ ಕೆಲಸ ಎಂದು ಧೈರ್ಯ ಹೇಳಿ ಸೀಡಿ ತೆಗೆದೆ. ಹೊಳೆಯುವ ಬದಿಯ ನಡುವಿನಿಂದ ಅಂಚಿನವರೆಗೆ ಹದಿನೈದು ವರ್ಷದ ಕುಂಕುಮ ಕಟ್ಟಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಕುಂಕುಮ ಹೋಯಿತು, ಅದರ ಕೆಳಗೆ ಅಕ್ಕಿಕಾಳು ಗೀರಿದ ಗೆರೆಗಳು ಕಂಡವು. ಡ್ರೈವಿಗೆ ಹಾಕಿದೆ. ಅದು ಗರಗರ ತಿರುಗಿತು, ಯೋಚಿಸಿತು, ಬಾಯಿ ತೆರೆದು ಸೀಡಿಯನ್ನು ಹೊರಗೆ ಹಾಕಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಮರಾಠಿಯವಳು. ನಮ್ಮ ಮನೆಗೆ ಬಂದ ಮೇಲೆ ಕನ್ನಡ ಕಲಿತದ್ದೇ ನನ್ನನ್ನು ಅಣಕಿಸಲು. ಇದೇ ಕೆಲಸ ಕಚೇರಿಯಲ್ಲಿ ಮಾಡಿದ್ದರೆ ನೌಕರಿ ಹೋಗುತ್ತಿತ್ತು, ಮನೆಯಲ್ಲಿ ಹೋಳಿಗೆ ಸಿಕ್ಕಿತು ಎಂದಳು. ನಾನು ಅವಳ ಕಡೆ ನೋಡಲಿಲ್ಲ.

ಮರುದಿನ ರಜೆ ಹಾಕಿ ರವಿವಾರ ಪೇಠೆಗೆ ಹೋದೆ. ಅಂಗಡಿಯ ಯಜಮಾನರು ಸೀಡಿಯನ್ನು ಗುರುತು ಹಿಡಿದು ಖುಷಿಪಟ್ಟರು. ಆ ಸಾಫ್ಟ್‌ವೇರ್ ಮಾಡಿಕೊಟ್ಟವರು ಯಾವಾಗಲೋ ಕೆಲಸ ಬಿಟ್ಟಿದ್ದರಂತೆ. ಉಳಿದ ಸೀಡಿ ಏನಾದರೂ ಇವೆಯೇ ಎಂದು ಕೇಳಿದೆ. ಬೇಕಾದಷ್ಟಿವೆ ಎಂದು ಮಾಳಿಗೆಗೆ ಕರೆದುಕೊಂಡು ಹೋದರು. ಪಾರಿವಾಳ ಬರದಿರಲೆಂದು ಸೀಡಿಗಳನ್ನೆಲ್ಲ ಹೊರಚಾಚಿದ ಗ್ಯಾಲರಿಯ ಉದ್ದಕ್ಕೂ ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದರು. ಬಿಸಿಲಿಗೆ ಬಣ್ಣ ಹೋಗಿ, ಮೈಯೆಲ್ಲ ಸೀಳು ಬಿಟ್ಟು, ಗಾಳಿಗೆ ತಿರುಗುತ್ತಿದ್ದವು. ಒಂದು ಪಾರಿವಾಳ ಅವುಗಳ ನಡುವೆಯೇ ಕೂತಿತ್ತು. ನಾನು ಎರಡು ಬಿಚ್ಚಿಸಿಕೊಂಡು ಬಂದೆ, ಅವೂ ಕೆಲಸಕ್ಕೆ ಬರಲಿಲ್ಲ.

ವೈನಿ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ, ಸೂಚನೆ ಬಂದದ್ದು ಯಾರ ಕಂಪ್ಯೂಟರಿಗೆ ಎಂದು ಕೇಳುತ್ತಿದ್ದೆ, ಮನಸ್ಸು ಹಗುರಾಗುತ್ತಿತ್ತು. ಅವರು ಸೀರೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಹಳೆಯದನ್ನೇ ತಿರುಗಿ ಹಾಕಲು ಬರುವುದಿಲ್ಲವೇ ಎಂದಷ್ಟೇ ಕೇಳಿದರು. ಹಾಕಬಹುದು, ಆದರೆ ಸಾಫ್ಟ್‌ವೇರ್ ಇಲ್ಲದೆ ಅದೂ ಖಾಲಿ ಮನೆಯೇ ಎಂದು ವಿವರಿಸಿದೆ. ಆಮೇಲೆ ನನಗೆ ಒಂದು ಉಪಾಯ ಹೊಳೆಯಿತು. ಎಡಗಡೆ ಹೊಲಿದು ಮುಗಿದಿದೆಯಲ್ಲ, ಅದನ್ನೇ ನೋಡಿಕೊಂಡು ಬಲಗಡೆಗೂ ಹಾಗೇ ಹೊಲಿದರಾಯಿತು, ಕನ್ನಡಿಯಲ್ಲಿ ನೋಡಿದ ಹಾಗೆ ಎಂದೆ.

ವೈನಿ ತಲೆ ಎತ್ತಿ ನನ್ನನ್ನು ನೋಡಿದರು. “ಎರಡೂ ಕಡೆ ತವರುಮನೀನ ಹೊಲಿದ್ರ, ಅಕಿಗೆ ಅತ್ತಿಮನಿ ಇಲ್ಲೇನು?” ಅಂದರು.

ಆ ಡಿಸೈನಿನಲ್ಲಿ ಅವರು ಏನು ಇಟ್ಟಿದ್ದರೆಂಬುದು ನನಗೆ ಆಗ ತಿಳಿಯಿತು. ಮಗಳು ಎರಡು ಮನೆಯ ನಡುವೆ ತೊಟ್ಟಿಲು ಕಟ್ಟುವವಳು. ಒಂದು ಮನೆಯನ್ನು ನಾನು ಒಂದು ಬೆಳಿಗ್ಗೆಯಲ್ಲಿ ಅಳಿಸಿದ್ದೆ. ನನಗೆ ನಾಚಿಕೆಯಾಯಿತು.

ಮರುದಿನದಿಂದ ನಾನೇ ಸಾಫ್ಟ್‌ವೇರ್ ಆದೆ. ಡಿಸೈನಿನ ಚಿತ್ರ ವೈನಿಯ ತಲೆಯಲ್ಲಿತ್ತು, ಅಂಕಿಗಳೆಲ್ಲ ನೆನಪಿರಲಿಲ್ಲ, ಅಂದಾಜಿನಲ್ಲೇ ಹಿಡಿಯಬೇಕಿತ್ತು. ಬೆಳಿಗ್ಗೆ ಆರೂವರೆಗೆ ಗ್ಯಾಲರಿಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಅವರು ಕಣ್ಣು ಮುಚ್ಚಿಕೊಂಡು ಮೇಲಕ್ಕೆ ನಾಲ್ಕು, ಬಲಕ್ಕೆ ಎರಡು, ಅಲ್ಲೊಂದು ಎಲೆ ಎಂದು ಹೇಳುವರು. ನಾನು ಗ್ರಾಫ್ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುವೆ, ಎತ್ತು ನಾಯಿಯಂತೆ ಕಂಡರೆ ಅಳಿಸಿ ಮತ್ತೆ ಬರೆಯುವೆ. ನಾಲ್ಕು ದಿನದಲ್ಲಿ ಗ್ರಾಫ್ ಮುಗಿಯಿತು. ಐದನೇ ದಿನದಿಂದ ಹೊಲಿಗೆ. ನಾನು ಚೌಕ ಎಣಿಸಿ ಅಂಕಿ ಹೇಳುವುದು, ಅವರು ಸೂಜಿಯ ತುದಿಯಿಂದ ಎಳೆ ಎಣಿಸಿ ದಾರ ಎಳೆಯುವುದು. ಎಂಟೂವರೆಗೆ ನಾನು ಕಚೇರಿಗೆ ಓಡುತ್ತಿದ್ದೆ. ಇನ್ನೂರು ಮಂದಿ ನನಗಾಗಿ ಕಾಯುತ್ತಿರುತ್ತಿದ್ದರು, ನನ್ನ ತಲೆಯಲ್ಲಿ ದಾಳಿಂಬೆಯ ಎಲೆಗಳು ಓಡುತ್ತಿದ್ದವು.

ಇಷ್ಟು ವರ್ಷ ವೈನಿ ಕಸೂತಿ ಮಾಡುವುದನ್ನು ನೋಡುತ್ತ ಬೆಳೆದವನು ನಾನು, ಆದರೆ ಪಕ್ಕದಲ್ಲಿ ಕೂತು ನೋಡಿರಲಿಲ್ಲ. ಅವರು ಹೋಗುವ ದಾರಿಯಲ್ಲಿ ಒಂದು ಚೌಕ ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬರುವ ದಾರಿಯಲ್ಲಿ ಬಿಟ್ಟದ್ದನ್ನೆಲ್ಲ ತುಂಬುತ್ತ ಬಂದು, ಶುರು ಮಾಡಿದಲ್ಲಿಗೇ ಮುಟ್ಟುತ್ತಿದ್ದರು. ಹೋಗುವಾಗ ಲೆಕ್ಕ ತಪ್ಪಿದರೆ ಮರಳಿ ಬರಲಾಗುವುದಿಲ್ಲ ಎಂದು ವಿವರಿಸಿದರು. ಆ ಬೆಳಗುಗಳಲ್ಲಿ ಅವರು ತಮ್ಮ ಕುಬಸದ ಸುದ್ದಿ ಹೇಳಿದರು, ಆ ದಿನ ನಾನು ಆರತಿ ತಟ್ಟೆಯ ಕರ್ಚಿಕಾಯಿ ಕದ್ದು ಅಣ್ಣನ ಕೈಯಲ್ಲಿ ಸಿಕ್ಕಿಬಿದ್ದದ್ದನ್ನು ಹೇಳಿ ನಕ್ಕರು. ನನಗೆ ನೆನಪೇ ಇರಲಿಲ್ಲ. ಸಾಫ್ಟ್‌ವೇರ್ ಕೆಟ್ಟದ್ದು ಒಳ್ಳೆಯದೇ ಆಯಿತೇನೋ ಎಂದು ಒಂದೆರಡು ಸಲ ಅನಿಸಿದ್ದುಂಟು. ಹಾಗೆ ಅನಿಸಿದ್ದನ್ನು ವೈನಿಯ ಮುಂದೆ ಹೇಳುವ ಧೈರ್ಯ ಮಾಡಲಿಲ್ಲ.

ಕಚೇರಿಯಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನನ್ನ ಇನ್ನೊಂದು ಯುದ್ಧ ನಡೆದಿತ್ತು. ಸೀಡಿಯ ಗೀರುಗಳಿಗೆ ಟೂತ್‌ಪೇಸ್ಟ್ ಹಚ್ಚಿ, ನಡುವಿನಿಂದ ಅಂಚಿಗೆ ನೇರವಾಗಿ, ಮೆತ್ತಗೆ ಉಜ್ಜುತ್ತಿದ್ದೆ. ಸಹೋದ್ಯೋಗಿಗಳು ಬಂದು ನೋಡಿ, ತಮ್ಮ ಊಟದ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ಉಗ್ರಾಣದಲ್ಲಿ ಗುಜರಿಗೆ ಹಾಕಲು ಇಟ್ಟಿದ್ದ ಹಳೆಯ ಕಂಪ್ಯೂಟರುಗಳಿದ್ದವು. ಸಾಹೇಬರನ್ನು ಕೇಳಿ ಒಂದೊಂದರ ಡ್ರೈವಿನಲ್ಲೂ ಸೀಡಿ ಹಾಕಿ ನೋಡಿದೆ. ಮೂರು ಉಗುಳಿದವು. ನಾಲ್ಕನೆಯದು, ನೋಡಿದರೆ ಎಲ್ಲಕ್ಕಿಂತ ಬಡಪಾಯಿ, ಒಂದೊಂದೇ ತುತ್ತು ನುಂಗುವ ಹಾಗೆ ಒಂದೂವರೆ ತಾಸು ಓದಿತು. ಶೇಕಡಾ ತೊಂಬತ್ತರ ಹತ್ತಿರ ಬಂದು ನಿಂತಿತು. ನಾನು ಕೈಮುಗಿದೆ. ಮತ್ತೆ ಹೊರಟಿತು, ಮುಗಿಸಿತು.

ಆದರೂ ಆ ಸಾಫ್ಟ್‌ವೇರ್ ಹೊಸ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಡೆಯಲಿಲ್ಲ. ಹಳೆಯದರ ಹೊಂದಾಣಿಕೆಯಲ್ಲಿ ನಡೆಸು ಎಂಬ ಗುಂಡಿ ಒತ್ತಿದೆ, ಈ ಕಾರ್ಯಕ್ರಮ ನಿಮ್ಮ ಕಂಪ್ಯೂಟರಿಗೆ ಹೊಂದುವುದಿಲ್ಲ ಎಂದಿತು. ಹಳೆಯವರೊಂದಿಗೆ ಹೊಂದಿಕೊಂಡು ಹೋಗುವುದನ್ನು ಈ ಹೊಸಬರಿಗೆ ಯಾರೂ ಕಲಿಸಿಲ್ಲ ಎಂದು ಸಿಟ್ಟು ಬಂತು. ಕೊನೆಗೆ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಒಂದು ಹಳೆಯ ಕಂಪ್ಯೂಟರ್ ಇದೆ ಎಂದು ಸಾಫ್ಟ್‌ವೇರನ್ನು ನಂಬಿಸುವ ಏರ್ಪಾಡು ಮಾಡಿದೆ. ಅದಕ್ಕೆ ಎರಡು ದಿನ ಹಿಡಿಯಿತು. ಕುಬಸಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ಹೊಲಿಗೆ ಹಿಂದಿನ ಬೆಳಿಗ್ಗೆಯೇ ಮುಗಿದು, ವೈನಿ ಸೀರೆಗೆ ಇಸ್ತ್ರಿ ಮಾಡಿ ಇಟ್ಟಿದ್ದರು.

ಶನಿವಾರ ಮಧ್ಯಾಹ್ನ ಅವರನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ಸಾಫ್ಟ್‌ವೇರ್ ತೆರೆಯಿತು. ಮಗಳ ಫೈಲ್ ಒತ್ತಿದೆ. ಗೋಪುರ ಬಂತು, ಆನೆಗಳು ಬಂದವು, ದಾಳಿಂಬೆ ಗಿಡಗಳು ಬಂದವು. ನಾನು ಬರೆದದ್ದಕ್ಕಿಂತ ಒಳ್ಳೆಯ ಎತ್ತುಗಳು ಬಂದವು. ವೈನಿ ಮೌಸ್ ಹಿಡಿದು ಒಂದೊಂದೇ ಮೂಲೆಯನ್ನು ದೊಡ್ಡದು ಮಾಡಿ ನೋಡಿದರು. ಒಳಗೆ ಹೋಗಿ ಸೀರೆ ತಂದು ಪರದೆಯ ಮುಂದೆ ಹಾಸಿದರು. ಅಲ್ಲೊಂದು ಎಲೆ ಹೆಚ್ಚು, ಇಲ್ಲೊಂದು ಗಿಳಿ ಸಣ್ಣದು, ಅವೆಲ್ಲ ಕಣ್ಣಿಗೆ ಬೀಳುವಂಥವಲ್ಲ. ತೊಟ್ಟಿಲಿಗೆ ಬಂದಾಗ ಇಬ್ಬರಿಗೂ ಒಟ್ಟಿಗೇ ಕಂಡಿತು. ಎರಡೂ ಸರಪಳಿ ಹನ್ನೆರಡು ಮನೆ ಉದ್ದ ಇರಬೇಕಿತ್ತು; ಗ್ರಾಫಿನ ಚೌಕಕ್ಕೆ ವೈನಿ ಮನೆ ಅನ್ನುತ್ತಾರೆ. ಎಡಗಡೆಯದು ಹನ್ನೆರಡೇ ಇತ್ತು, ಬಲಗಡೆಯದು ಹನ್ನೊಂದು. ತೊಟ್ಟಿಲು ಬಲಕ್ಕೆ ಒಂದಿಷ್ಟು ಮೇಲೆದ್ದಿತ್ತು. ಆ ಸರಪಳಿ ಹೊಲಿದ ಬೆಳಿಗ್ಗೆ ನಾನು ಕಚೇರಿಯ ಫೋನಿನಲ್ಲಿ ಯಾರಿಗೋ ಪಾಸ್‌ವರ್ಡ್ ಹೇಳುತ್ತ, ಇತ್ತ ಕಡೆ ಅಂಕಿಯನ್ನೂ ಹೇಳಿದ್ದೆ.

ಇಡೀ ಸೀರೆಗೆ ಅದು ನಡುವಿನ ಜಾಗ. ಆರತಿಗೆ ಬಂದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಕಸೂತಿ ಬಲ್ಲ ಹೆಂಗಸರು ಹತ್ತು ಮಂದಿಯಾದರೂ ಬರುವವರಿದ್ದರು, ಅವರು ಸೆರಗು ತಿರುವಿ ಹಿಂದೆಯೂ ನೋಡುವವರು. ಒಬ್ಬಳೇ ಮಗಳ ಕುಬಸದ ಸೀರೆಯನ್ನು ಎರಡು ಸಲ ಕೆಡಿಸಿದವನು ನಾನೊಬ್ಬನೇ ಎಂದು ಲೆಕ್ಕ ಹಾಕಿದೆ.

“ವೈನಿ, ಇನ್ನೂ ಎರಡು ದಿನ ಅದಾವ್ರಿ. ತೊಟ್ಟಿಲಾ ಅಷ್ಟ ಬಿಚ್ಚೂಣ್ರಿ. ನಾ ಫೋನ್ ಬಂದ್ ಮಾಡಿ ಕೂಡ್ತೀನಿ, ಸರಿಯಾಗಿ ಎಣಿಸ್ತೀನಿ” ಅಂದೆ.

ವೈನಿ ಸೀರೆಯ ಮೇಲೆ ಅಂಗೈ ಇಟ್ಟು ತೊಟ್ಟಿಲನ್ನು ಒಮ್ಮೆ ಸವರಿದರು. “ಬ್ಯಾಡ. ತೂಗೂ ತೊಟ್ಟಿಲಾ ಹಿಂಗ ಇರ್ತದ” ಅಂದರು. ಆಮೇಲೆ, ನನ್ನ ಕಡೆ ನೋಡದೆ, “ನೀ ಎಣಿಸಿದ್ದು ಇರ್ಲಿ. ಕಾಕಾನೂ ಕೂತಿದ್ದ ಅಂತ ಅಕಿಗೆ ಗೊತ್ತಾಗ್ಲಿ” ಅಂದರು.

ಅವರು ಸೀರೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡರು. ತೊಟ್ಟಿಲನ್ನು ಪರದೆಯ ತುಂಬ ದೊಡ್ಡದು ಮಾಡಿದರು. ಎರಡು ತಿಂಗಳು ಕೂತು ತಾವೇ ಎಳೆದಿದ್ದ ಬಲಗಡೆಯ ಸರಪಳಿಯಿಂದ ಒಂದು ಮನೆ ಅಳಿಸಿದರು. ತೊಟ್ಟಿಲಿನ ಆ ಮೂಲೆಯನ್ನು ಒಂದು ಮನೆ ಮೇಲಕ್ಕೆ ಎತ್ತಿದರು. ಹನ್ನೆರಡು ಇದ್ದಲ್ಲಿ ಹನ್ನೊಂದು ಎಂದು ಬಂತು. ಮುಂದೆ ಯಾರಾದರೂ ಈ ಡಿಸೈನ್ ಕೇಳಿದರೆ ಹೀಗೇ ಕೊಡಬೇಕು ಎಂದು ಹೇಳಿ ಸೇವ್ ಒತ್ತಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ, “ಈಗ ಸರಿ ಆತು ನೋಡು” ಅಂದರು.